ಡಾ. ಎಂ. ವಿ. ಗೋವಿಂದಸ್ವಾಮಿ: ನಮ್ಮ ಮನೆಗಳು ನೆನೆಯಬೇಕಾದ ವೈದ್ಯ

ನಿಮ್ಹಾನ್ಸ್‌ನ ಹೆಸರು ಕೇಳದ ಕನ್ನಡಿಗರು ವಿರಳ. ಅದಕ್ಕೆ ಬುನಾದಿ ಹಾಕಿದವರಲ್ಲಿ ಪ್ರಮುಖರು ಡಾ. ಎಂ. ವಿ. ಗೋವಿಂದಸ್ವಾಮಿ (1904-1961). ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನೆಲೆಸಿರುವ ನಾವು ಅವರನ್ನು ಸ್ಮರಿಸುವುದಕ್ಕೆ ಕಾರಣವಿದೆ.

ಬೆಂಗಳೂರಿನ ಹುಚ್ಚಾಸ್ಪತ್ರೆಯನ್ನು ಮೈಸೂರು ಸಂಸ್ಥಾನವು 1925ರಲ್ಲಿ ಮಾನಸಿಕ ಆಸ್ಪತ್ರೆಯೆಂದು ಮರುನಾಮಕರಣ ಮಾಡಿತು. ಡಾ. ಫ್ರಾಂಕ್ ನರೋನ್ಹಾ ಅವರ ಪರಿಶ್ರಮದಿಂದ 1930ರ ದಶಕದಲ್ಲಿ ಹೊಸೂರು ರಸ್ತೆಯ ಬಳಿ ಹೊಸ ಕಟ್ಟಡ ತಲೆಯೆತ್ತಿತು. ಅವರ ಬಳಿಕ ಹೊಣೆ ಹೊತ್ತವರು ಇಂಗ್ಲೆಂಡ್, ಅಮೆರಿಕಗಳಲ್ಲಿ ತರಬೇತಿ ಪಡೆದಿದ್ದ ಗೋವಿಂದಸ್ವಾಮಿಯವರು. ಪಾಶ್ಚಾತ್ಯ ವೈದ್ಯದಲ್ಲಿ ನುರಿತಿದ್ದರೂ ಭಾರತೀಯ ತತ್ತ್ವಶಾಸ್ತ್ರ, ಆಯುರ್ವೇದಗಳ ಅಧ್ಯಯನವೂ ಮನೋವೈದ್ಯಕ್ಕೆ ಅಗತ್ಯವೆಂದು ನಂಬಿದ್ದರು. 1954ರಲ್ಲಿ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾದಾಗ ಅವರೇ ಅದರ ಪ್ರಥಮ ನಿರ್ದೇಶಕರಾದರು. ಮರುವರ್ಷ ತಜ್ಞರ ತರಬೇತಿ ಆರಂಭವಾಯಿತು. ಅವರ ನಿಧನಾನಂತರ, 1974ರಲ್ಲಿ, ಆಸ್ಪತ್ರೆ ಮತ್ತು ಸಂಸ್ಥೆಗಳೆರಡೂ ಸೇರಿ ನಿಮ್ಹಾನ್ಸ್ ಉದಯಿಸಿತು.

ಅವರು ವೃತ್ತಿ ಆರಂಭಿಸಿದ ಕಾಲದಲ್ಲಿ ಸ್ಕಿಜೋಫ್ರೇನಿಯಾಕ್ಕೆ ನೆಚ್ಚಬಹುದಾದ ಗುಳಿಗೆಗಳಿರಲಿಲ್ಲ. ಅನೇಕರ ಆಯುಷ್ಯ ಆಸ್ಪತ್ರೆಯ ಗೋಡೆಗಳೊಳಗೇ ಕಳೆಯುತ್ತಿತ್ತು. 1952ರಲ್ಲಿ ಕ್ಲೋರ್‌ಪ್ರೊಮಝೀನ್ ಬಳಕೆಗೆ ಬಂದ ಮೇಲೆ ರೋಗಿಗಳು ಮನೆಗೆ ಮರಳಲಾರಂಭಿಸಿದರು. ಅದೇ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರ್ ರೋಗಿಗಳ ಬಂಧುಗಳನ್ನೂ ಆಸ್ಪತ್ರೆಯ ಆವರಣದ ಡೇರೆಗಳಲ್ಲಿ ಇರಿಸಿಕೊಂಡು, ಕುಟುಂಬವೇ ಚಿಕಿತ್ಸೆಯ ಅಂಗವೆಂದು ತೋರಿಸಿಕೊಟ್ಟರು.

ಹಾಗೆ ಮನೆಗೆ ಮರಳಿದ ಮಗ ಅಥವಾ ಮಗಳ ಭಾರ ಹೊರುವವರು ಹೆತ್ತವರು. ನಮ್ಮ ಎರಡು ಕೋಣೆಗಳ ಫ್ಲ್ಯಾಟುಗಳಲ್ಲಿ ರೋಗವನ್ನು ಬಚ್ಚಿಡುವುದು ಕಷ್ಟ. ಆದರೂ ಒಡಹುಟ್ಟಿದವರ ಮದುವೆಗೆ ಅಡ್ಡಿಯಾದೀತೆಂದು ಬಚ್ಚಿಡುತ್ತೇವೆ. ಹರಕೆ, ಜ್ಯೋತಿಷ್ಯ, ಮದುವೆ ಮಾಡಿದರೆ ಸರಿಹೋದೀತೆಂಬ ಆಸೆ. ಇವುಗಳಲ್ಲಿ ಅಮೂಲ್ಯವಾದ ಆರಂಭದ ವರ್ಷಗಳು ಕಳೆದುಹೋಗುತ್ತವೆ. ತಾಯಿಯ ಸಾಕಾಣಿಕೆಯ ದೋಷವೆಂದು ಜರೆಯುವುದಂತೂ ಅನ್ಯಾಯ. ತುಸು ಗುಣವಾದೊಡನೆ ವೈದ್ಯರನ್ನು ಕೇಳದೆ ಗುಳಿಗೆ ನಿಲ್ಲಿಸುವುದು ರೋಗ ಮರುಕಳಿಸಲು ಹಾದಿ. ಆರೈಕೆಯ ಹೊರೆಯನ್ನು ಮನೆಯವರೆಲ್ಲ ಹಂಚಿಕೊಳ್ಳುವುದು, ತಮ್ಮ ಕಾಲಾನಂತರದ ವ್ಯವಸ್ಥೆಯನ್ನು ಹೆತ್ತವರು ಮುಂಚಿತವಾಗಿಯೇ ಯೋಚಿಸುವುದು ಒಳಿತು.

ಇಂದು ನೆರವಿಗಾಗಿ ಬೆಂಗಳೂರಿಗೇ ಹೋಗಬೇಕಾಗಿಲ್ಲ. ಥಾಣೆಯಲ್ಲಿ 1901ರಿಂದಲೂ ಸರಕಾರಿ ಮಾನಸಿಕ ಆಸ್ಪತ್ರೆಯಿದೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. ನೆರೆಮನೆಯ ಇಂಥ ಕುಟುಂಬವನ್ನು ಹಬ್ಬ-ಸಮಾರಂಭಗಳಿಗೆ ಮಗುವಿನ ಸಮೇತ ಆಮಂತ್ರಿಸೋಣ. ಗೋವಿಂದಸ್ವಾಮಿಯವರಿಗೆ ನಾವು ಸಲ್ಲಿಸಬಹುದಾದ ಗೌರವ ಅದು.