ವಿಸ್ಕಾನ್ಸಿನ್ನಿನ ರಾಬರ್ಟ್ ಲಾ ಫಾಲೆಟ್

ಚುನಾವಣೆಯಲ್ಲಿ ಯಾರು ಗೆಲ್ಲಬೇಕೆಂಬುದನ್ನು ಮತದಾರರು ನಿರ್ಧರಿಸುತ್ತಾರೆ. ಆದರೆ ಯಾರು ನಿಲ್ಲಬೇಕೆಂಬುದನ್ನು ನಿರ್ಧರಿಸುವವರು ಯಾರು? ರಾಜ್ಯಶಾಸ್ತ್ರವನ್ನು ಓದುವ ನಾವು ಮೊದಲನೆಯ ವಿಷಯಕ್ಕೆ ಕೊಡುವಷ್ಟು ಗಮನವನ್ನು ಎರಡನೆಯದಕ್ಕೆ ಕೊಡುವುದಿಲ್ಲ. ನಮ್ಮ ದೇಶದಲ್ಲಿ ಪಕ್ಷದ ಟಿಕೆಟ್ಟು ವರಿಷ್ಠರ ಕೈಯಿಂದ ಇಳಿದು ಬರುತ್ತದೆ. ಅಭ್ಯರ್ಥಿಯ ಹೆಸರು ಗೊತ್ತಾಗುವವರೆಗೂ ಕ್ಷೇತ್ರದ ಜನ ಊಹೆಮಾಡುತ್ತ ಕಾಯಬೇಕು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿಯೂ ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೆ ಹೆಚ್ಚುಕಡಿಮೆ ಇದೇ ಸ್ಥಿತಿ ಇದ್ದಿತು. ಆ ಅಧಿಕಾರವನ್ನು ಪಕ್ಷದ ಯಜಮಾನರ ಕೈಯಿಂದ ಕಿತ್ತು ಸಾಮಾನ್ಯ ಮತದಾರನ ಕೈಗೆ ಕೊಡಬೇಕೆಂದು ಹಟತೊಟ್ಟು ಹೋರಾಡಿದವರಲ್ಲಿ ಅಗ್ರಗಣ್ಯನಾದವನು ರಾಬರ್ಟ್ ಲಾ ಫಾಲೆಟ್. ಅವನ ಹೆಸರು ನಮ್ಮಲ್ಲಿ ಲಿಂಕನ್ನನ ಹೆಸರಿನಂತೆ ಮನೆಮಾತಾಗಿಲ್ಲ. ಅವನ ದೇಶದಲ್ಲಿ ಮಾತ್ರ ಒಂದು ಕಾಲಕ್ಕೆ ಅವನನ್ನು ಪೂಜಿಸದವರು, ದ್ವೇಷಿಸದವರು ವಿರಳವಾಗಿದ್ದರು.

ಲಾ ಫಾಲೆಟ್ 1855ನೆಯ ಜೂನ್ 14ರಂದು ವಿಸ್ಕಾನ್ಸಿನ್ ಸಂಸ್ಥಾನದ ಡೇನ್ ಜಿಲ್ಲೆಯ ಪ್ರಿಮ್‌ರೋಸ್ ಎಂಬಲ್ಲಿ, ಮರದ ದಿಮ್ಮಿಗಳಿಂದ ಕಟ್ಟಿದ ಮನೆಯೊಂದರಲ್ಲಿ ಹುಟ್ಟಿದನು. ವರುಷ ತುಂಬುವುದರೊಳಗೆ ತಂದೆ ತೀರಿಕೊಂಡನು. ತಾಯಿ ಮರುಮದುವೆಯಾದಳು; ಮಲತಂದೆ ವಯಸ್ಸಾದ ವರ್ತಕ. 1873ರಲ್ಲಿ ಸಂಸಾರ ಮ್ಯಾಡಿಸನ್ ನಗರಕ್ಕೆ ಬಂದಿತು, ಎರಡು ವರ್ಷಗಳಲ್ಲಿ ಹುಡುಗ ಅಲ್ಲಿಯ ವಿಶ್ವವಿದ್ಯಾನಿಲಯವನ್ನು ಸೇರಿದನು. ತರಗತಿಯಲ್ಲಿ ಅವನು ಹೇಳಿಕೊಳ್ಳುವಂಥ ವಿದ್ಯಾರ್ಥಿಯಲ್ಲ. ವಿದ್ಯಾರ್ಥಿಗಳ ಪತ್ರಿಕೆಯನ್ನು ಕೊಂಡು ನಡೆಸುತ್ತ, ನಾಟಕ ಭಾಷಣಗಳಲ್ಲಿ ಮುಳುಗಿರುತ್ತಿದ್ದನು. ಷೇಕ್ಸ್‌ಪಿಯರನ ಇಯಾಗೋ ಪಾತ್ರವನ್ನು ಕುರಿತು ಮಾಡಿದ ಭಾಷಣಕ್ಕೆ 1879ರಲ್ಲಿ ಅಂತರ ಸಂಸ್ಥಾನ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂದು, ಊರಿಗೆ ಊರೇ ಸಂಭ್ರಮಪಟ್ಟಿತು. ಆದರೂ ಪದವಿ ಕೊಡಬೇಕೇ ಬೇಡವೇ ಎಂಬ ವಿಷಯದಲ್ಲಿ ಅಧ್ಯಾಪಕರ ಮತಗಳು ಸಮಸಮನಾಗಿ, ಅಧ್ಯಕ್ಷ ಜಾನ್ ಬ್ಯಾಸ್ಕಮನ ಒಂದು ಮತದಿಂದ ಅವನು ತೇರ್ಗಡೆಯಾದನೆಂದು ಹೇಳುತ್ತಾರೆ. ನಮ್ಮ ಕಾಲೇಜಿನ ಕೆಲವು ವಾಗ್ಮಿಗಳಿಗೆ ಇದು ಸಮಾಧಾನದ ಸಂಗತಿಯಾಗಬಹುದು. ಸಹಪಾಠಿಯಾಗಿದ್ದ ಬೆಲ್ ಕೇಸ್ ಎಂಬಾಕೆಯನ್ನು ಅವನು 1881ರ ಕೊನೆಯ ದಿನ ಮದುವೆಯಾದನು. ಆಕೆ ಅದೇ ವಿಶ್ವವಿದ್ಯಾನಿಲಯದಲ್ಲಿ ಕಾನೂನು ಪದವಿಯನ್ನು ಪಡೆದ ಮೊದಲನೆಯ ಮಹಿಳೆ. ಓದಿನಲ್ಲಿ ಗಂಡನಿಗಿಂತ ಎಷ್ಟೋ ಮುಂದೆ.

1880ರಲ್ಲಿ ಜಿಲ್ಲಾ ಸರ್ಕಾರಿ ವಕೀಲನ ಚುನಾವಣೆಗೆ ನಿಂತಾಗಲೇ ಅವನಿಗೆ ಪಕ್ಷದ ಯಜಮಾನಿಕೆಯ ರುಚಿ ಹತ್ತಿದ್ದು. ಮ್ಯಾಡಿಸನ್ನಿನ ಪೋಸ್ಟ್‌ಮಾಸ್ಟರನಾಗಿದ್ದ ಎಲೈಷ ಕೀಸ್ ಎಂಬುವನ ಅಪ್ಪಣೆಯಿಲ್ಲದೆ ಆ ಜಿಲ್ಲೆಯ ರಿಪಬ್ಲಿಕನ್ ಪಕ್ಷದಲ್ಲಿ ಹುಲ್ಲುಕಡ್ಡಿಯೂ ಅಲುಗುತ್ತಿರಲಿಲ್ಲ. ಲಾ ಫಾಲೆಟ್ ಅವನನ್ನು ಕೇಳದೆಯೇ ರೈತರ ಮನೆಮನೆಗೆ ಹೋಗಿ ಗೆದ್ದುಬಂದನು. 1884ರಲ್ಲಿ ಅಮೆರಿಕದ ಪ್ರತಿನಿಧಿಸಭೆಗೂ ಆಯ್ಕೆಯಾದನು. ಆದರೆ ಈ ಕಾಲದಲ್ಲಿ ಅವನು ಕ್ರಾಂತಿಕಾರನೇನೂ ಅಲ್ಲ. ಪಕ್ಷನಿಷ್ಠನಾದ ಸಾಧಾರಣ ರಿಪಬ್ಲಿಕನ್. ಶಾಲೆಗಳಲ್ಲಿ ಇಂಗ್ಲಿಷನ್ನು ಕಡ್ಡಾಯಮಾಡಿದ ಬೆನೆಟ್ ಕಾಯಿದೆಯಿಂದ ಜರ್ಮನ್ ಮೂಲದ ಮತದಾರರು ರೊಚ್ಚಿಗೆದ್ದು 1890ರಲ್ಲಿ ಆ ಸಂಸ್ಥಾನದ ರಿಪಬ್ಲಿಕನ್ನರನ್ನು ಗುಡಿಸಿಹಾಕಿದಾಗ ಅವನೂ ಸೋತು ವಕೀಲಿಗೆ ಮರಳಿದನು.

ಅವನ ಬಾಳನ್ನು ತಿರುಗಿಸಿದ್ದು 1891ರ ಸೆಪ್ಟೆಂಬರಿನಲ್ಲಿ ಮಿಲ್ವಾಕಿಯ ಹೋಟೆಲೊಂದರಲ್ಲಿ ನಡೆದ ಒಂದು ಭೇಟಿ. ಸಂಸ್ಥಾನದ ಹಣವನ್ನು ಬ್ಯಾಂಕುಗಳಲ್ಲಿಟ್ಟು ಅದರ ಬಡ್ಡಿಯನ್ನು ತಾವೇ ಇಟ್ಟುಕೊಳ್ಳುತ್ತಿದ್ದ ಹಳೆಯ ಖಜಾಂಚಿಗಳ ಮೇಲೆ ಆಗ ಮೊಕದ್ದಮೆ ನಡೆಯುತ್ತಿದ್ದಿತು. ಅವರಿಗೆ ಜಾಮೀನು ನಿಂತಿದ್ದವರಲ್ಲಿ ಮರದ ವ್ಯಾಪಾರದಲ್ಲಿ ಕೋಟ್ಯಧೀಶನಾಗಿದ್ದ ಸೆನೆಟರ್ ಫೈಲೀಟಸ್ ಸಾಯರ್ ಒಬ್ಬನು. ವಿಚಾರಣೆ ಮಾಡಬೇಕಾಗಿದ್ದ ನ್ಯಾಯಾಧೀಶನು ಲಾ ಫಾಲೆಟ್ಟನ ಭಾವ. ನ್ಯಾಯಾಧೀಶನ ಮನಸ್ಸನ್ನು ತಿರುಗಿಸಲು ಸಾಯರ್ ತನಗೆ ಹಣ ಕೊಡಬಂದನೆಂದು ಲಾ ಫಾಲೆಟ್ ಹೇಳಿದನು; ತಾನು ಅವನನ್ನು ವಕೀಲನನ್ನಾಗಿ ಗೊತ್ತುಮಾಡಿಕೊಳ್ಳಲು ಕರೆದೆನೇ ಹೊರತು ಬೇರೇನೂ ಇಲ್ಲವೆಂದು ಸಾಯರ್ ಸಾಧಿಸಿದನು. ಕೋಣೆಯೊಳಗಿನ ಮಾತಿಗೆ ಸಾಕ್ಷಿಯಿಲ್ಲ. ಪಕ್ಷದವರು ಮುದುಕ ಸೆನೆಟರನನ್ನು ನಂಬಿ ಈ ತರುಣನನ್ನು ದ್ರೋಹಿಯೆಂದು ಹೊರಗಿಟ್ಟರು.

ಆಗಿನ ಕ್ರಮದಲ್ಲಿ ಹಳ್ಳಿಯ ಪಕ್ಷದ ಸಭೆ ಜಿಲ್ಲಾ ಸಮ್ಮೇಳನಕ್ಕೆ ಪ್ರತಿನಿಧಿಗಳನ್ನು ಕಳಿಸುವುದು. ಜಿಲ್ಲೆಯವರು ಸಂಸ್ಥಾನದ ಸಮ್ಮೇಳನಕ್ಕೆ ಕಳಿಸುವುದು. ಅಲ್ಲಿ ಗವರ್ನರನ ಅಭ್ಯರ್ಥಿ ಗೊತ್ತಾಗುವುದು. ಮೂರು ಮೆಟ್ಟಿಲು, ಮೂರರಲ್ಲಿಯೂ ಸೋರಿಕೆ. ರೈಲ್ವೆ ಕಂಪೆನಿಗಳು ಪ್ರತಿನಿಧಿಗಳಿಗೆ ಪುಕ್ಕಟೆ ಪಾಸುಗಳನ್ನು ಕೊಡುತ್ತಿದ್ದವು. ಪಾಸು ಹಿಡಿದು ಬಂದವನು ಕಂಪೆನಿಯ ಇಷ್ಟದಂತೆ ಕೈಯೆತ್ತುತ್ತಿದ್ದನು. 1896ರಲ್ಲಿ ಲಾ ಫಾಲೆಟ್ ಗೆಲುವು ತನ್ನದೆಂದು ನಂಬಿ ಸಮ್ಮೇಳನಕ್ಕೆ ಹೋಗಿ ಸೋತನು. ಒಂದೇ ರಾತ್ರಿಯಲ್ಲಿ ತನ್ನ ಪ್ರತಿನಿಧಿಗಳನ್ನು ಕೊಂಡುಕೊಂಡರೆಂಬುದು ಅವನ ದೂರು. 1897ರ ಫೆಬ್ರವರಿಯಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಮಾತನಾಡುತ್ತ, ಈ ಸಮ್ಮೇಳನಗಳನ್ನೇ ತೆಗೆದುಹಾಕಿ ಪ್ರತಿಯೊಬ್ಬ ಮತದಾರನೂ ಗುಪ್ತಮತದಿಂದ ತನ್ನ ಪಕ್ಷದ ಅಭ್ಯರ್ಥಿಯನ್ನು ಆರಿಸಲೆಂಬ ಸಲಹೆಯನ್ನು ಮುಂದಿಟ್ಟನು. ಇದೇ ಪ್ರೈಮರಿ, ಎಂದರೆ ಪ್ರಾಥಮಿಕ ಚುನಾವಣೆ. ಆ ವರ್ಷ ಸುಗ್ಗಿಯ ಕಾಲದ ಜಾತ್ರೆಗಳಲ್ಲಿ, ದನಗಳ ಪ್ರದರ್ಶನ ಕುದುರೆಯ ಜೂಜುಗಳ ನಡುವೆ ಇದನ್ನೇ ಸಾರುತ್ತ ತಿರುಗಿದನು. 1898ರಲ್ಲಿ ಮತ್ತೆ ಸೋತನು. 1900ರಲ್ಲಿ ಗೆದ್ದನು, ವಿಸ್ಕಾನ್ಸಿನ್ನಿನಲ್ಲಿಯೇ ಹುಟ್ಟಿ ಅದರ ಗವರ್ನರನಾದವರಲ್ಲಿ ಅವನೇ ಮೊದಲಿಗ.

ಸ್ಟಾಲ್ವರ್ಟರೆಂದು ಹೆಸರಾಗಿದ್ದ ಪಕ್ಷದ ಸಂಪ್ರದಾಯವಾದಿಗಳು 1901ರಲ್ಲಿ ಅವನ ಮಸೂದೆಯನ್ನು ಕೊಂದರು. ಅವರು ಕಳಿಸಿದ ಅರೆಬರೆ ಮಸೂದೆಯನ್ನು ಅವನು ತಿರಸ್ಕರಿಸಿದನು. ಸ್ಟಾಲ್ವರ್ಟರೆಲ್ಲರೂ ರೈಲ್ವೆಯ ಕೂಲಿಯಾಳುಗಳೆಂದು ತಿಳಿಯುವುದು ತಪ್ಪು. ಸಮ್ಮೇಳನದಲ್ಲಿ ಕುಳಿತು ಚರ್ಚಿಸಿ ಆರಿಸಿದ ಅಭ್ಯರ್ಥಿ ಪಕ್ಷಕ್ಕೆ ಬದ್ಧನಾಗಿರುತ್ತಾನೆ, ನೇರವಾಗಿ ಆರಿಸಿದರೆ ಹಣವುಳ್ಳವನೋ ಬಾಯಿಜೋರಿನವನೋ ಗೆಲ್ಲುತ್ತಾನೆ ಎಂದು ಪ್ರಾಮಾಣಿಕವಾಗಿ ಅಂಜಿದವರೂ ಅವರಲ್ಲಿದ್ದರು. ಲಾ ಫಾಲೆಟ್ ಆ ಅಂಜಿಕೆಗೆ ಉತ್ತರ ಕೊಡಲಿಲ್ಲ, ಯುದ್ಧ ಹೂಡಿದನು. ತನ್ನ ಮಸೂದೆಗೆ ವಿರುದ್ಧವಾಗಿದ್ದ ಶಾಸಕರ ಊರುಗಳಿಗೇ ಹೋಗಿ, ಯಾವ ಮಸೂದೆಗೆ ಯಾರು ಹೇಗೆ ಮತ ಕೊಟ್ಟರೆಂಬುದನ್ನು ಸಭೆಯ ದಾಖಲೆಯಿಂದ ಹೆಸರು ಹಿಡಿದು ಓದುತ್ತಿದ್ದನು. ಬಯ್ಗುಳವಿಲ್ಲ, ಬರಿಯ ಓದು. ತಮ್ಮ ಪ್ರತಿನಿಧಿ ರಾಜಧಾನಿಯಲ್ಲಿ ಏನು ಮಾಡುತ್ತಿದ್ದಾನೆಂಬುದನ್ನು ಎಷ್ಟೋ ರೈತರು ಆಗಲೇ ಮೊದಲು ಕೇಳಿದ್ದು.

1904ರ ಮೇ ತಿಂಗಳ ಸಮ್ಮೇಳನ ವಿಶ್ವವಿದ್ಯಾನಿಲಯದ ವ್ಯಾಯಾಮಶಾಲೆಯಲ್ಲಿ ನಡೆಯಿತು. ಬಾಗಿಲಿಗೆ ಮುಳ್ಳುತಂತಿಯ ಓಣಿ. ಕಾವಲಿಗೆ ಕಾಲೇಜಿನ ಕಟ್ಟುಮಸ್ತಾದ ಫುಟ್‌ಬಾಲ್ ಆಟಗಾರರು. ಸ್ಟಾಲ್ವರ್ಟರು ಸಿಡಿದುಹೋಗಿ ನಾಟಕಶಾಲೆಯೊಂದರಲ್ಲಿ ಬೇರೆಯೇ ಸಮ್ಮೇಳನ ನಡೆಸಿ ಬೇರೊಬ್ಬ ಅಭ್ಯರ್ಥಿಯನ್ನು ಆರಿಸಿದರು. ಸಂಸ್ಥಾನದ ಉಚ್ಚ ನ್ಯಾಯಾಲಯ ಅಕ್ಟೋಬರಿನಲ್ಲಿ ಲಾ ಫಾಲೆಟ್ಟನ ಪರವಾಗಿ ತೀರ್ಪು ಕೊಟ್ಟಿತು. ನವೆಂಬರಿನಲ್ಲಿ ಅವನು ಮೂರನೆಯ ಸಲ ಗವರ್ನರನಾದನು. ಜನಮತಕ್ಕೆ ಬಿಟ್ಟಿದ್ದ ಪ್ರೈಮರಿ ಕಾಯಿದೆಯೂ ಅದೇ ದಿನ ಸುಮಾರು 50,000 ಮತಗಳ ಅಂತರದಿಂದ ಗೆದ್ದಿತು. ಈ ಕಾಯಿದೆಯಲ್ಲಿ ಒಂದು ವಿಶೇಷವಿದ್ದಿತು. ಮತದಾರ ತಾನು ಯಾವ ಪಕ್ಷದವನೆಂದು ಯಾರಿಗೂ ಹೇಳಬೇಕಾಗಿಲ್ಲ. ಎಲ್ಲ ಪಕ್ಷಗಳ ಮತಪತ್ರಗಳನ್ನೂ ತೆಗೆದುಕೊಂಡು ಮರೆಗೆ ಹೋಗಿ ಬೇಕಾದ ಒಂದನ್ನು ಗುರುತುಮಾಡಬಹುದು. ಕೂಲಿಗಾರ ಧಣಿಗೆ ಅಂಜಬಾರದೆಂಬುದು ಇದರ ಉದ್ದೇಶ. ಇತರ ಪಕ್ಷದವರು ನುಗ್ಗಿ ಬರಲು ಇದೇ ದಾರಿಯೂ ಆಯಿತು.

ಈ ಕಥೆಯ ರಸವತ್ತಾದ ಭಾಗ ಇಲ್ಲಿಂದ ಆರಂಭವಾಗುತ್ತದೆ. ಲಾ ಫಾಲೆಟ್ 1906ರ ಜನವರಿಯಲ್ಲಿ ಸೆನೆಟರನಾಗಿ ವಾಷಿಂಗ್ಟನ್ನಿಗೆ ಹೋದಾಗ ಲೆಫ್ಟಿನೆಂಟ್ ಗವರ್ನರ್ ಜೇಮ್ಸ್ ಡೇವಿಡ್ಸನ್ ಗವರ್ನರನಾದನು. ನಾರ್ವೆಯಲ್ಲಿ ಹುಟ್ಟಿದವನು, ಅಂಗಡಿಕಾರ, ಲಾ ಫಾಲೆಟ್ಟನ ಜೊತೆಯಲ್ಲಿಯೇ ದುಡಿದವನು; ಆದರೆ ಸ್ವಭಾವದಲ್ಲಿ ಮಂದಗಾಮಿ, ಯಾರೊಡನೆಯೂ ಜಗಳ ಬೇಡದವನು. ಅವನಲ್ಲಿ ಸಾಕಷ್ಟು ಕಾವಿಲ್ಲವೆಂದು ಲಾ ಫಾಲೆಟ್ ಆ ಸೆಪ್ಟೆಂಬರಿನ ಮೊಟ್ಟಮೊದಲ ಪ್ರೈಮರಿಯಲ್ಲಿ ತನ್ನ ಆಪ್ತನಾದ ಅರ್ವಿನ್ ಲೆನ್‌ರೂಟನನ್ನು ನಿಲ್ಲಿಸಿದನು. ಈಗ ಸಂಪ್ರದಾಯವಾದಿ ಮತದಾರನಿಗೆ ಧರ್ಮಸಂಕಟ. ತಾನು ಶಪಿಸಿದ ಕಾಯಿದೆಯ ಮತಪೆಟ್ಟಿಗೆ ಎದುರಿಗಿದೆ. ತನ್ನವನೆನ್ನುವ ಅಭ್ಯರ್ಥಿ ಅದರಲ್ಲಿ ಇಲ್ಲ. ಮನೆಯಲ್ಲಿ ಕುಳಿತರೆ ಲೆನ್‌ರೂಟ್ ಗೆಲ್ಲುತ್ತಾನೆ. ಡೇವಿಡ್ಸನನಿಗೆ ಮತ ಕೊಟ್ಟರೆ ರೈಲ್ವೆಯ ಮೇಲೆ ತೆರಿಗೆ ಹಾಕಿದವರ ಜೊತೆಗಾರನಿಗೆ ಮತ ಕೊಟ್ಟಂತೆ. ತತ್ತ್ವವನ್ನು ಕಾಪಾಡಬೇಕೋ, ಸಹಿಸಬಹುದಾದವನನ್ನು ಆರಿಸಿ ಸಹಿಸಲಾಗದವನನ್ನು ತಡೆಯಬೇಕೋ? ಸ್ಟಾಲ್ವರ್ಟರಲ್ಲಿ ಬಹುಮಂದಿ ಎರಡನೆಯದನ್ನು ಆರಿಸಿಕೊಂಡರು. ನಾರ್ವೆಯ ಮೂಲದವರು ತಮ್ಮವನೆಂಬ ಅಭಿಮಾನದಿಂದ ಬಂದು ಸೇರಿದರು. ಡೇವಿಡ್ಸನ್ ಬಹುದೊಡ್ಡ ಅಂತರದಿಂದ ಗೆದ್ದನು. ಲಾ ಫಾಲೆಟ್ ಹತ್ತು ವರ್ಷ ದುಡಿದು ಜನಕ್ಕೆ ಕೊಟ್ಟ ಆಯುಧ ಮೊದಲನೆಯ ಏಟಿಗೇ ಅವನ ಮೇಲೆ ಬಿದ್ದಿತು. ಯಜಮಾನರನ್ನು ಎದುರಿಸಿ ಬೆಳೆದವನು ತಾನೇ ಯಜಮಾನನಂತೆ ಹೆಸರು ಸೂಚಿಸಿದ್ದನ್ನು ಮತದಾರರು ಮೆಚ್ಚಲಿಲ್ಲವೆಂದೇ ನನಗೆ ತೋರುತ್ತದೆ.

1908ರ ಪ್ರೈಮರಿಯಲ್ಲಿ, ಅವನಿಗೆ ಮೊದಲು ಹಣಸಹಾಯ ಮಾಡಿದ್ದ ಮರದ ವ್ಯಾಪಾರಿ ಐಸಾಕ್ ಸ್ಟೀಫನ್‌ಸನ್ ಸೆನೆಟ್ ಸ್ಥಾನಕ್ಕಾಗಿ ಒಂದು ಲಕ್ಷ ಡಾಲರಿಗೂ ಮೀರಿ ಸುರಿದು ಗೆದ್ದನು. ಸ್ಟಾಲ್ವರ್ಟರ ಅಂಜಿಕೆ ಪೂರ್ತಿ ಸುಳ್ಳಾಗಿರಲಿಲ್ಲ. 1914ರಲ್ಲಿ ಪ್ರಗತಿಪರರು ಹಲವು ಅಭ್ಯರ್ಥಿಗಳಾಗಿ ಒಡೆದು ನಿಂತಾಗ, ಪ್ರೈಮರಿಯನ್ನು ಖಂಡಿಸಿ ಪುಸ್ತಕ ಬರೆದಿದ್ದ ಇಮ್ಯಾನ್ಯುಯೆಲ್ ಫಿಲಿಪ್ಪನೇ ಪ್ರೈಮರಿಯಲ್ಲಿ ಗೆದ್ದು ಗವರ್ನರನಾದನು.

ಲಾ ಫಾಲೆಟ್ಟನ ರಾಷ್ಟ್ರೀಯ ಜೀವನವನ್ನು ಬೇಗ ಹೇಳಿ ಮುಗಿಸಬಹುದು. 1912ರಲ್ಲಿ ಅವನು ಅಧ್ಯಕ್ಷಪದವಿಗೆ ಪ್ರಯತ್ನಿಸಿದನು. ಫೆಬ್ರವರಿ 2ರಂದು ಫಿಲಡೆಲ್ಫಿಯಾದಲ್ಲಿ ಪತ್ರಿಕಾ ಪ್ರಕಾಶಕರ ಔತಣದಲ್ಲಿ ದಣಿದು, ಶಸ್ತ್ರಚಿಕಿತ್ಸೆಯಾಗಬೇಕಾಗಿದ್ದ ಮಗಳ ಚಿಂತೆಯಲ್ಲಿದ್ದು, ಗಂಟೆಗಟ್ಟಲೆ ದಿಕ್ಕುತಪ್ಪಿ ಮಾತನಾಡಿದನು. ಬೆಂಬಲಿಗರು ಅದನ್ನೇ ನೆಪಮಾಡಿಕೊಂಡು ಥಿಯೋಡೋರ್ ರೂಸ್‌ವೆಲ್ಟನ ಕಡೆಗೆ ಸರಿದರು. ಆದರೂ ಮಾರ್ಚಿಯಲ್ಲಿ ನಾರ್ತ್ ಡಕೋಟದ ಪ್ರೈಮರಿಯಲ್ಲಿ ಅವನು ರೂಸ್‌ವೆಲ್ಟನನ್ನೂ ಟಾಫ್ಟನನ್ನೂ ಸೋಲಿಸಿದನು. 1917ರ ಏಪ್ರಿಲಿನಲ್ಲಿ ಯುದ್ಧಪ್ರವೇಶಕ್ಕೆ ವಿರುದ್ಧವಾಗಿ ಮತ ಕೊಟ್ಟ ಆರು ಸೆನೆಟರುಗಳಲ್ಲಿ ಅವನೊಬ್ಬನು; ಪರವಾಗಿದ್ದವರು 82. ಸೇಂಟ್ ಪಾಲ್ ನಗರದಲ್ಲಿ ಮಾಡಿದ ಭಾಷಣವನ್ನು ಸುದ್ದಿಸಂಸ್ಥೆಯೊಂದು ಅರ್ಥ ಕೆಡುವಂತೆ ವರದಿಮಾಡಿದ್ದರಿಂದ ಅವನನ್ನು ಸೆನೆಟಿನಿಂದ ಹೊರಹಾಕಬೇಕೆಂಬ ಕೂಗೆದ್ದಿತು. ಅವನು ಓದಿದ ವಿಶ್ವವಿದ್ಯಾನಿಲಯದ ಸುಮಾರು 400 ಮಂದಿ ಅಧ್ಯಾಪಕರು ಅವನನ್ನು ಖಂಡಿಸಿ ಸಹಿಹಾಕಿದರು. ಬಹುಕಾಲದ ಗೆಳೆಯರೂ ಹಾಕಿದರು. ಬೀದಿಯ ಬೈಗುಳಿಗಿಂತ ಇದು ಅವನನ್ನು ಹೆಚ್ಚು ನೋಯಿಸಿರಬೇಕು. 1919ರಲ್ಲಿ ಸೆನೆಟ್ ಆ ಆರೋಪವನ್ನು ಕೈಬಿಟ್ಟಿತು.

1922ರಲ್ಲಿ ಮತ್ತೆ ಪ್ರೈಮರಿ. ಸಂಪ್ರದಾಯವಾದಿಗಳು ಈ ಸಲ ಕಾಲೇಜೊಂದರ ಅಧ್ಯಕ್ಷನಾಗಿದ್ದ ವಿಲಿಯಂ ಗ್ಯಾನ್‌ಫೀಲ್ಡನನ್ನು ಎದುರಿಗೆ ನಿಲ್ಲಿಸಿದರು. ಯುದ್ಧದ ಕಾಲದಲ್ಲಿ ದೇಶದ್ರೋಹಿ ಎನಿಸಿಕೊಂಡವನಿಗೆ ಎರಡರಷ್ಟಕ್ಕೂ ಮೀರಿ ಮತ ಬಂದಿತು. 1890ರಲ್ಲಿ ಅವನ ಪಕ್ಷವನ್ನು ಕೆಡವಿದ ಜರ್ಮನ್ ಮೂಲದ ರೈತರೇ ಈಗ ಅವನ ಬೆನ್ನಿಗಿದ್ದರು. 1924ರಲ್ಲಿ ಎರಡೂ ಪಕ್ಷಗಳನ್ನು ಬಿಟ್ಟು ಅಧ್ಯಕ್ಷಪದವಿಗೆ ನಿಂತು ಸುಮಾರು 48 ಲಕ್ಷ ಮತಗಳನ್ನು ಪಡೆದರೂ ಗೆದ್ದದ್ದು ವಿಸ್ಕಾನ್ಸಿನ್ ಒಂದನ್ನೇ. 1925ನೆಯ ಜೂನ್ 18ರಂದು ತೀರಿಕೊಂಡನು.

ಅದೇ ವರ್ಷ ಸ್ಟಾಲ್ವರ್ಟರು ಒಂದು ಉಪಾಯವನ್ನು ಕಂಡುಕೊಂಡರು. ಕಾಯಿದೆ ಪಕ್ಷದ ಸಮ್ಮೇಳನದ ಅಧಿಕಾರವನ್ನು ಕಿತ್ತುಕೊಂಡಿದ್ದಿತಷ್ಟೆ. ಕಾಯಿದೆಗೆ ಹೊರಗೆ ಸ್ವಯಂಪ್ರೇರಿತ ಸಮಿತಿಯೊಂದನ್ನು ಕಟ್ಟಿ, ಪ್ರೈಮರಿಗೆ ಮುಂಚೆಯೇ ತಮ್ಮ ಮೆಚ್ಚಿನ ಅಭ್ಯರ್ಥಿಯನ್ನು ಸಾರಲಾರಂಭಿಸಿದರು. ಲಾ ಫಾಲೆಟ್ಟನ ಸ್ಥಾನಕ್ಕೆ ಅವನ ಮಗ, ಚಿಕ್ಕ ರಾಬರ್ಟ್, ಮೂವತ್ತನೆಯ ವಯಸ್ಸಿನಲ್ಲಿ ಆಯ್ಕೆಯಾಗಿ ಇಪ್ಪತ್ತು ವರ್ಷಗಳಿಗೂ ಮೀರಿ ಸೆನೆಟಿನಲ್ಲಿದ್ದನು. 1934ರಲ್ಲಿ ಮಕ್ಕಳು ಕಟ್ಟಿದ ಪ್ರೊಗ್ರೆಸಿವ್ ಪಕ್ಷ 1946ರಲ್ಲಿ ಮುಚ್ಚಿಹೋಗಿ, ಚಿಕ್ಕ ರಾಬರ್ಟ್ ರಿಪಬ್ಲಿಕನ್ ಪ್ರೈಮರಿಗೆ ಮರಳಿದನು. ಹನ್ನೆರಡು ವರ್ಷ ಮನೆಬಿಟ್ಟವನನ್ನು ಹಳೆಯ ಸಂಪ್ರದಾಯವಾದಿಗಳು ಒಳಗೆ ಕರೆಯುವರೇ? ಅವನು ಕೆಲಸಗಾರ, ಅನುಭವಿ, ಆದರೆ ತಮ್ಮವನಲ್ಲ. ಸಮಿತಿ ಜೋಸೆಫ್ ಮೆಕಾರ್ಥಿ ಎಂಬ ತರುಣ ನ್ಯಾಯಾಧೀಶನನ್ನು ಆರಿಸಿತು. ಅವನೂ ಹತ್ತು ವರ್ಷದ ಹಿಂದೆ ಡೆಮೊಕ್ರಾಟಿಕ್ ಪಕ್ಷದಿಂದ ನಿಂತವನೇ ಎಂಬುದು ಬೇರೆ ಮಾತು. ಚಿಕ್ಕ ರಾಬರ್ಟ್ ವಾಷಿಂಗ್ಟನ್ನಿನಲ್ಲಿ ಕಾಂಗ್ರೆಸ್ಸಿನ ಪುನರ್ರಚನೆಯ ಮಸೂದೆಯಲ್ಲಿ ಮುಳುಗಿದ್ದು ಊರಿಗೆ ಬಂದದ್ದೇ ಕಡಿಮೆ. ಮಿಲ್ವಾಕಿಯ ಕಾರ್ಮಿಕರಲ್ಲಿ ಅನೇಕರು ತಂದೆಯ ಕಾಯಿದೆ ಕೊಟ್ಟ ಸ್ವಾತಂತ್ರ್ಯದಂತೆ ಡೆಮೊಕ್ರಾಟಿಕ್ ಮತಪತ್ರವನ್ನು ಆರಿಸಿಕೊಂಡರು. ಆಗಸ್ಟ್ 13ರಂದು ನಾಲ್ಕು ಲಕ್ಷಕ್ಕೂ ಹೆಚ್ಚು ಮತಗಳಲ್ಲಿ ಸುಮಾರು 5,000ದ ಅಂತರದಿಂದ ಮೆಕಾರ್ಥಿ ಗೆದ್ದನು. ಕಮ್ಯೂನಿಸ್ಟರ ಬೇಟೆಯ ಹೆಸರಿನಲ್ಲಿ ಅವನು ಮುಂದೆ ಏನು ಮಾಡಿದನೆಂಬುದನ್ನು ಇಲ್ಲಿ ಹೇಳಬೇಕಾಗಿಲ್ಲ. 1953ರಲ್ಲಿ ಚಿಕ್ಕ ರಾಬರ್ಟ್ ತನ್ನ ಕೈಯಾರೆ ಪ್ರಾಣ ಕಳೆದುಕೊಂಡನು. 1954ರ ಡಿಸೆಂಬರಿನಲ್ಲಿ ಸೆನೆಟ್ 67ಕ್ಕೆ 22 ಮತಗಳಿಂದ ಮೆಕಾರ್ಥಿಯನ್ನು ಖಂಡಿಸಿತು.

ಸೆನೆಟಿನ ಸ್ವಾಗತಮಂದಿರದಲ್ಲಿ ಚಿತ್ರಗಳನ್ನಿಡಲು ಹಿಂದಿನ ಐವರು ಶ್ರೇಷ್ಠ ಸೆನೆಟರುಗಳನ್ನು ಆರಿಸುವುದಕ್ಕೆ ಆಗಿನ್ನೂ ಸೆನೆಟರನಾಗಿದ್ದ ಜಾನ್ ಕೆನೆಡಿಯ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಕವಾಗಿದ್ದಿತು. 1957ರ ಮೇ ತಿಂಗಳ ಮೊದಲಲ್ಲಿ ಅದು ಹೆಸರುಗಳನ್ನು ಸಾರಿತು: ಕ್ಲೇ, ವೆಬ್‌ಸ್ಟರ್, ಕ್ಯಾಲ್‌ಹೂನ್, ಟಾಫ್ಟ್, ಲಾ ಫಾಲೆಟ್. ಅದೇ ವಾರ, ಮೇ 2ರಂದು, ಅವನ ಮಗನ ಸ್ಥಾನದಲ್ಲಿ ಕುಳಿತಿದ್ದ ಮೆಕಾರ್ಥಿ ತೀರಿಕೊಂಡನು.