ಪಠ್ಯದಾಚೆಗೂ ವಿಜ್ಞಾನ ಕಲಿಸಿದ ಎಚ್ಚೆನ್

ಮುನಿರ್ಕಾ: ಒಂದು ಬದಿಗೆ ಐಐಟಿ, ಇನ್ನೊಂದು ಬದಿಗೆ ಜೆಎನ್‌ಯು. ನಡುವಿನ ನಮ್ಮ ಮುನಿರ್ಕಾದ ಬಾಡಿಗೆ ಕೋಣೆಗಳಲ್ಲಿ ಓದಲೆಂದು ಬಂದ ಕನ್ನಡದ ಹುಡುಗ ಹುಡುಗಿಯರೂ ಇದ್ದಾರೆ. ವಿಜ್ಞಾನದ ಪದವಿ ಎಂದರೆ ನೋಟ್ಸ್, ಪರೀಕ್ಷೆ, ಅಂಕಪಟ್ಟಿ ಇಷ್ಟೇ ಅಲ್ಲ ಎಂದು ಬದುಕಿನುದ್ದಕ್ಕೂ ಹಟ ಹಿಡಿದ ಡಾ. ಎಚ್. ನರಸಿಂಹಯ್ಯನವರನ್ನು ಇವರಲ್ಲಿ ಎಷ್ಟು ಮಂದಿ ಬಲ್ಲರೋ! ಎಲ್ಲರ ಎಚ್ಚೆನ್ ತೀರಿಕೊಂಡು ಎರಡು ದಶಕ ದಾಟಿದೆ.

ಹುಟ್ಟಿದ್ದು 1920ರ ಜೂನ್ 6ರಂದು, ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ. ಓದುವ ಆಸೆಯಿಂದ ಊರಿನಿಂದ ಬೆಂಗಳೂರಿಗೆ ನಡೆದೇ ಬಂದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಿದರು. 1936ರಲ್ಲಿ ಗಾಂಧೀಜಿ ಅಲ್ಲಿಗೆ ಭೇಟಿ ಕೊಟ್ಟಾಗ ಅವರ ಹಿಂದಿ ಮಾತನ್ನು ಕನ್ನಡಕ್ಕೆ ತಂದು ಹೇಳಿದ್ದು ಈ ಹುಡುಗನೇ. 1942ರ ಚಳವಳಿಯಲ್ಲಿ ಸೆಂಟ್ರಲ್ ಕಾಲೇಜಿನ ಓದು ಬಿಟ್ಟು ಜೈಲಿಗೂ ಹೋದರು. ಮುಂದೆ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ 1946ರಲ್ಲಿ ನ್ಯಾಷನಲ್ ಕಾಲೇಜಿನ ಅಧ್ಯಾಪಕರಾದರು. ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್‌ನಲ್ಲಿ 1960ರಲ್ಲಿ ಡಾಕ್ಟರೇಟ್ ಪಡೆದು, ಹಿಂತಿರುಗಿ ಅದೇ ಕಾಲೇಜಿಗೆ ಪ್ರಾಂಶುಪಾಲರಾದರು.

ಅವರ ದೊಡ್ಡ ಪ್ರಯೋಗ ಆರಂಭವಾದದ್ದು 1962ರಲ್ಲಿ. ಬೆಂಗಳೂರು ವಿಜ್ಞಾನ ವೇದಿಕೆ (ಬೆಂಗಳೂರು ಸೈನ್ಸ್ ಫೋರಂ ಎಂದೇ ಹೆಚ್ಚು ಪರಿಚಿತ) ಕಾಲೇಜಿನಲ್ಲೇ ಶುರುವಾಯಿತು. ವಾರಕ್ಕೊಂದು ಉಪನ್ಯಾಸ, ಜುಲೈ ಬಂತೆಂದರೆ ತಿಂಗಳಿಡೀ ವಿಜ್ಞಾನೋತ್ಸವ. ಹಾಜರಿ ಇಲ್ಲ, ಅಂಕವಿಲ್ಲ, ಟಿಕೆಟ್ಟೂ ಇಲ್ಲ. ವಿಜ್ಞಾನಿಗಳು ಬಂದು ತಮ್ಮ ಸಂಶೋಧನೆಯ ವಿಷಯ ಹೇಳಿದರೆ ಬಿ.ಎಸ್ಸಿ. ವಿದ್ಯಾರ್ಥಿ, ನಿವೃತ್ತ ಗುಮಾಸ್ತ ಇಬ್ಬರೂ ಅಕ್ಕಪಕ್ಕ ಕುಳಿತು ಪ್ರಶ್ನೆ ಕೇಳಬಹುದಿತ್ತು. ದುಬಾರಿ ಲ್ಯಾಬ್ ಬೇಡದ, ಒಂದು ಸಭಾಂಗಣ ಸಾಕಾಗುವ ಬೋಧನಾ ಕ್ರಮವಿದು. ಇಂದಿನ ಸ್ಮಾರ್ಟ್ ಕ್ಲಾಸುಗಳ ಗದ್ದಲದಲ್ಲಿ ಇದು ಯಾರಿಗೂ ನೆನಪಾಗದಿರುವುದು ವಿಚಿತ್ರ.

1972ರಿಂದ 1977ರವರೆಗೆ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. ನಾಟಕ, ನೃತ್ಯ, ಸಂಗೀತಕ್ಕೆ ವಿಭಾಗ ಬಂದದ್ದು ಅವರ ಕಾಲದಲ್ಲೇ. ಆದರೆ 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ಪರೀಕ್ಷಿಸಲು ಸಮಿತಿ ರಚಿಸಿದಾಗ ಗದ್ದಲವೆದ್ದಿತು. ಪರೀಕ್ಷೆಗೆ ಅವಕಾಶ ಕೋರಿ ಪುಟ್ಟಪರ್ತಿಯ ಸತ್ಯಸಾಯಿ ಬಾಬಾ ಅವರಿಗೆ ಬರೆದ ಪತ್ರಗಳಿಗೆ ಒಪ್ಪಿಗೆ ಸಿಗಲಿಲ್ಲ. ವಿಶ್ವವಿದ್ಯಾಲಯಕ್ಕೆ ಇದು ಬೇಕಿತ್ತೇ ಎಂದು ಕೇಳಿದವರು ಬಹಳ. ನಮ್ಮ ಓದುಗರಲ್ಲಿ ಬಾಬಾ ಭಕ್ತರೂ ಇದ್ದಾರೆ, ಅವರ ನಂಬಿಕೆ ಅವರದು. ಎಚ್ಚೆನ್ ಅವರ ವಾದ ಸರಳವಾಗಿತ್ತು: ಪ್ರಯೋಗಶಾಲೆಯಲ್ಲಿ ಸಾಕ್ಷ್ಯ ಕೇಳುವ ವಿದ್ಯಾರ್ಥಿ ಗೇಟು ದಾಟಿದ ಮೇಲೆ ಕೇಳುವುದನ್ನು ಬಿಟ್ಟರೆ ಅವನು ಕಲಿತದ್ದೇನು? ಟೀಕೆ ಬಂತೆಂದು ಅವರು ಹಿಂದೆ ಸರಿಯಲಿಲ್ಲ.

ಮದುವೆಯಾಗಲಿಲ್ಲ. ಕುಲಪತಿ ಪದವಿ, 1984ರಲ್ಲಿ ಪದ್ಮಭೂಷಣ ಎಲ್ಲ ಬಂದರೂ ಖಾದಿ ಉಡುಪು, ವಿದ್ಯಾರ್ಥಿನಿಲಯದ ಕೋಣೆ ಬದಲಾಗಲಿಲ್ಲ. ಗೌರಿಬಿದನೂರು, ಬಾಗೇಪಲ್ಲಿಯಂಥ ಹಿಂದುಳಿದ ಊರುಗಳಿಗೂ ನ್ಯಾಷನಲ್ ಕಾಲೇಜನ್ನು ಕೊಂಡೊಯ್ದರು. ಹೋರಾಟದ ಹಾದಿ ಅವರ ಆತ್ಮಕಥೆ. 2005ರ ಜನವರಿ 31ರಂದು ನಿಧನರಾದರು.

ವಿಜ್ಞಾನ ವೇದಿಕೆ ಅವರ ನಂತರವೂ ನಡೆದುಬಂದಿದೆ. ಜುಲೈನಲ್ಲಿ ಬೆಂಗಳೂರಿಗೆ ಹೋಗುವ ಸದಸ್ಯರು ಮಕ್ಕಳನ್ನು ಒಂದು ಸಂಜೆ ಬಸವನಗುಡಿಗೆ ಕರೆದೊಯ್ಯಬಹುದು.