ವಿಕ್ರಮ್ ಸಾರಾಭಾಯಿ: ರಾಕೆಟ್ ಹಾರಿಸಿದ ವಿಜ್ಞಾನಿಗೂ ಮಂಡಿ ನೋವಿನ ಇಂಜೆಕ್ಷನ್‌ಗೂ ಏನು ನಂಟು?

ಅಹಮದಾಬಾದ್: ವಿಕ್ರಮ್ ಸಾರಾಭಾಯಿ ಎಂದ ಕೂಡಲೇ ನೆನಪಾಗುವುದು ಇಸ್ರೋ, ತುಂಬಾ, ರಾಕೆಟ್. ಆದರೆ ಅದೇ ವ್ಯಕ್ತಿ ವಡೋದರಾದಲ್ಲಿ ದೊಡ್ಡ ಔಷಧ ಕಂಪನಿಯೊಂದನ್ನು ಮುನ್ನಡೆಸಿದ್ದರು ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಇಂದು ಮಂಡಿ ಸವೆತದ ನೋವಿಗೆ ವೈದ್ಯರು ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್‌ನ ಕಥೆ ಆ ಕಂಪನಿಯ ಹತ್ತಿರವೂ ಹಾದುಹೋಗುತ್ತದೆ.

ಬೆಂಗಳೂರಿನ ದಿನಗಳು

ಸಾರಾಭಾಯಿ ಹುಟ್ಟಿದ್ದು 1919ರ ಆಗಸ್ಟ್ 12ರಂದು, ಅಹಮದಾಬಾದ್‌ನ ಶ್ರೀಮಂತ ಗಿರಣಿ ಮಾಲೀಕರ ಮನೆಯಲ್ಲಿ. ತಂದೆ ಅಂಬಾಲಾಲ್, ತಾಯಿ ಸರಳಾದೇವಿ. ಕೇಂಬ್ರಿಡ್ಜ್‌ನಲ್ಲಿ ಓದುತ್ತಿದ್ದಾಗ ಎರಡನೇ ಮಹಾಯುದ್ಧ ಶುರುವಾಯಿತು. ತಾಯ್ನಾಡಿಗೆ ಮರಳಿದ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ, ಸರ್ ಸಿ.ವಿ. ರಾಮನ್ ಮಾರ್ಗದರ್ಶನದಲ್ಲಿ ವಿಶ್ವಕಿರಣಗಳ ಅಧ್ಯಯನ ನಡೆಸಿದರು. ಮುಂದೆ ಬಾಳಸಂಗಾತಿಯಾದ ನೃತ್ಯ ಕಲಾವಿದೆ ಮೃಣಾಲಿನಿ ಪರಿಚಯವಾಗಿದ್ದೂ ಬೆಂಗಳೂರಿನಲ್ಲೇ. 1947ರಲ್ಲಿ ಕೇಂಬ್ರಿಡ್ಜ್‌ನಿಂದ ಪಿಎಚ್‌ಡಿ ಪಡೆದು ಬಂದು, ಅದೇ ವರ್ಷ ಅಹಮದಾಬಾದ್‌ನಲ್ಲಿ ಭೌತ ಸಂಶೋಧನಾ ಪ್ರಯೋಗಾಲಯ ಸ್ಥಾಪಿಸಿದರು.

ವಡೋದರಾದ ಔಷಧ ಕಾರ್ಖಾನೆ

ಪ್ರಯೋಗಾಲಯದ ಜೊತೆಜೊತೆಗೇ ಕುಟುಂಬದ ಸಾರಾಭಾಯಿ ಕೆಮಿಕಲ್ಸ್ ಹೊಣೆಯೂ ಅವರ ಹೆಗಲೇರಿತು. ಔಷಧಕ್ಕೆ ವಿದೇಶವನ್ನೇ ನೆಚ್ಚಿಕೊಂಡಿದ್ದ ಕಾಲವದು. ಅಮೆರಿಕದ ಸ್ಕ್ವಿಬ್ ಕಂಪನಿ ಜೊತೆ ಕೈಜೋಡಿಸಿ, ಅದರ ಔಷಧಗಳು ವಡೋದರಾದಲ್ಲೇ ತಯಾರಾಗುವಂತೆ ಮಾಡಿದರು. ಉದ್ಯಮ ನಿರ್ವಹಣೆಗೆ ಕಂಪ್ಯೂಟರ್ ಆಧಾರಿತ ಲೆಕ್ಕಾಚಾರ ಮತ್ತು ವೈಜ್ಞಾನಿಕ ವಿಶ್ಲೇಷಣೆಯನ್ನು ದೇಶದಲ್ಲಿ ಮೊದಲು ತಂದವರಲ್ಲಿ ಅವರೂ ಒಬ್ಬರು. ಔಷಧ ಮಾರುಕಟ್ಟೆಯನ್ನು ಅಂಕಿಅಂಶಗಳ ಮೂಲಕ ಅಳೆದ ಆಪರೇಷನ್ಸ್ ರಿಸರ್ಚ್ ಗ್ರೂಪ್ ಕೂಡ ಅವರದ್ದೇ ಕೂಸು.

ನಿಧಾನವಾಗಿ ಕರಗುವ ಮದ್ದು

ಸ್ಕ್ವಿಬ್‌ನ ಹೆಸರಾಂತ ಔಷಧಗಳಲ್ಲಿ ಒಂದು 1950ರ ದಶಕದ ಕೊನೆಗೆ ಬಂದ ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್. ಕೆನಾಕಾರ್ಟ್ ಎಂಬ ಬ್ರಾಂಡ್ ಹೆಸರು ಭಾರತದ ವೈದ್ಯರಿಗೆ ಇಂದಿಗೂ ಪರಿಚಿತ. ಈ ಔಷಧದ ಒಂದು ರೂಪ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಮಂಡಿಗೆ ಚುಚ್ಚಿದಾಗ ಅದರ ಸೂಕ್ಷ್ಮ ಹರಳುಗಳು ಕೀಲಿನೊಳಗೇ ಉಳಿದು, ಸ್ವಲ್ಪ ಸ್ವಲ್ಪವಾಗಿ ಕರಗುತ್ತಾ ಉರಿಯೂತ ತಗ್ಗಿಸುತ್ತವೆ. ಹಾಗಾಗಿ ಕೆಲವು ವಾರಗಳ ಕಾಲ ನೋವು ಕಡಿಮೆಯಾಗಬಹುದು. ಇದೇ ಔಷಧವನ್ನು ಅತಿಸಣ್ಣ ಪಾಲಿಮರ್ ಗೋಲಿಗಳಲ್ಲಿ ತುಂಬಿ, ಇನ್ನಷ್ಟು ದಿನ ಉಳಿಯುವಂತೆ ಮಾಡಿದ ಇಂಜೆಕ್ಷನ್‌ಗೆ ಅಮೆರಿಕ 2017ರಲ್ಲಿ ಒಪ್ಪಿಗೆ ನೀಡಿತು.

ಆದರೆ ಇದು ಮಂಡಿ ಸವೆತವನ್ನು ಗುಣಪಡಿಸುವ ಮದ್ದಲ್ಲ. ಅದೇ 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 2 ವರ್ಷ ಕಾಲ ಪ್ರತಿ 12 ವಾರಕ್ಕೊಮ್ಮೆ ಟ್ರಯಾಮ್ಸಿನೊಲೋನ್ ಚುಚ್ಚಿಸಿಕೊಂಡವರ ಮೃದ್ವಸ್ಥಿ ಹೆಚ್ಚು ಸವೆದಿತ್ತು. ಉಪ್ಪುನೀರಿನ ಇಂಜೆಕ್ಷನ್ ಪಡೆದವರಿಗೆ ಹೋಲಿಸಿದರೆ ಅವರ ನೋವೂ ವಿಶೇಷವಾಗಿ ಕಡಿಮೆಯಾಗಿರಲಿಲ್ಲ. ಮಧುಮೇಹಿಗಳಲ್ಲಿ ಕೆಲ ದಿನ ಸಕ್ಕರೆ ಪ್ರಮಾಣ ಏರಬಹುದು. ಎಷ್ಟು ಸಲ, ಯಾರಿಗೆ ಎಂಬುದನ್ನು ವೈದ್ಯರೇ ತೀರ್ಮಾನಿಸಬೇಕು.

ಜನರಿಗೆ ತಲುಪಬೇಕಾದ ವಿಜ್ಞಾನ

1963ರ ನವೆಂಬರ್ 21ರಂದು ಕೇರಳದ ತುಂಬಾದಿಂದ ಮೊದಲ ರಾಕೆಟ್ ಚಿಮ್ಮಿತು. ಹೋಮಿ ಭಾಭಾ ನಿಧನದ ಬಳಿಕ 1966ರಲ್ಲಿ ಸಾರಾಭಾಯಿ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾದರು. 1969ರಲ್ಲಿ ಇಸ್ರೋ ಹುಟ್ಟಿತು. ಬಡ ದೇಶಕ್ಕೆ ಬಾಹ್ಯಾಕಾಶ ಯಾಕೆ ಎಂದು ಕೇಳಿದವರಿಗೆ ಅವರದ್ದು ಒಂದೇ ನಿಲುವು: ಮುಂದುವರಿದ ತಂತ್ರಜ್ಞಾನ ಜನಸಾಮಾನ್ಯರ ಸಮಸ್ಯೆಗೆ ಬಳಕೆಯಾಗಬೇಕು. ಔಷಧ ಕಾರ್ಖಾನೆಯಲ್ಲಿ ಅವರು ಮಾಡಿದ್ದೂ ಅದನ್ನೇ.

1971ರ ಡಿಸೆಂಬರ್ 30ರಂದು ಕೋವಳಂನಲ್ಲಿ ಅವರು ಕೊನೆಯುಸಿರೆಳೆದರು. ಆಗ ವಯಸ್ಸು ಕೇವಲ 52. ಮಂಡಿ ನೋವು ಸಾಮಾನ್ಯವಾಗಿ ಕಾಡತೊಡಗುವ ವಯಸ್ಸು ಅದು. ಅವರು ಕಟ್ಟಿದ ಇಸ್ರೋ ಇಂದು ಚಂದ್ರನನ್ನು ಮುಟ್ಟಿದೆ. ಆ ಕಾಲದ ಸ್ಟೀರಾಯ್ಡ್ ಇಂದಿಗೂ ನೋವಿರುವ ಮಂಡಿಗೆ ಒಂದಿಷ್ಟು ದಿನದ ನೆಮ್ಮದಿ ಕೊಡುತ್ತಿದೆ.